ಹಗಲಿನ ಬೇಟೆ, ಇರುಳಿನ ಬೇಟೆ

ಕಳೆದ ಪುಷ್ಯ ಮಾಸದ ಒಂದು ಮುಂಜಾನೆ ನಾವು ಮೂರನೆಯ ತರಗತಿಯ ಮಕ್ಕಳಿಗೆ ‘ತೋಳ ಬಂತು ತೋಳ’ ಎಂಬ ಹಳೆಯ ಕಥೆಯನ್ನು ಹೇಳುತ್ತಿದ್ದೆವು. ಆ ತರಗತಿಯ ಶಿಕ್ಷಕಿಯವರು ರಜೆಯ ಮೇಲಿದ್ದರು. ಕಡತಗಳಲ್ಲಿ ಮುಳುಗಿದ ಮುಖ್ಯೋಪಾಧ್ಯಾಯರಿಗೆ ಪಾಠ ಹೇಳುವ ಸುಖ ಮರಳಿ ದೊರೆಯುವುದು ಇಂಥ ದಿನಗಳಲ್ಲಿಯೇ. ಕುರಿ ಕಾಯುವ ಹುಡುಗ ಸುಳ್ಳು ಕೂಗಿದ, ಊರವರು ಎರಡು ಸಲ ಓಡಿ ಬಂದರು, ಮೂರನೆಯ ಸಲ ನಿಜವಾಗಿಯೇ ತೋಳ ಬಂದಾಗ ಯಾರೂ ಬರಲಿಲ್ಲ ಎಂಬಲ್ಲಿಗೆ ಬರುವಷ್ಟರಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತ ಕುರಿಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ.

“ಸಾರ್, ಈ ಕತಿ ತಪ್ಪೈತ್ರಿ. ತ್ವಾಳ ಹಗಲೊತ್ತು ಬರಂಗಿಲ್ಲ. ರಾತ್ರೀನ ಬರತೈತಿ.”

ಉಳಿದ ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಆ ಮಗುವಿನ ಮನೆಯಲ್ಲಿ ಒಂದು ತಿಂಗಳಲ್ಲಿ ಏಳು ಕುರಿಗಳು ಹೋಗಿದ್ದವೆಂಬ ಸುದ್ದಿ ನಮ್ಮ ಕಿವಿಗೆ ಬಿದ್ದಿತ್ತು. ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮಗ್ಗಿ ಹೇಳಿಸಿದೆವು.

ಅಂದೇ ಸಂಜೆ ಆ ಹುಡುಗನ ಅಜ್ಜ ಶಾಲೆಯ ಕಟ್ಟೆಗೆ ಬಂದು ಕುಳಿತರು. ಊರಿನವರೆಲ್ಲರಂತೆ ನಾವೂ ಅವರನ್ನು ಕಾಕಾ ಎನ್ನುತ್ತೇವೆ. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆದುಕೊಡಬೇಕಾಗಿತ್ತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಆದ್ದರಿಂದ ಇಂಥ ಬರವಣಿಗೆಗಳೆಲ್ಲ ನಮ್ಮ ಮೇಜಿಗೆ ಬರುವುದು ನಮ್ಮ ಕಡೆಯ ಓದುಗರಿಗೆ ಹೊಸತೇನಲ್ಲ. ಆದರೆ ಅರ್ಜಿ ಒಂದು ನೆಪ ಮಾತ್ರವಾಗಿತ್ತು. ಅವರಿಗೆ ಬೇಕಾಗಿದ್ದುದು ಒಂದು ತೀರ್ಪು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಎರಡು ಪಕ್ಷ ಕಟ್ಟಿಕೊಂಡಿದ್ದರು. ಹಿರಿಯವನು ಹಗಲಿನಲ್ಲಿ ಗವಿ ಹುಡುಕಿ, ಹೊಗೆ ಹಾಕಿ, ಮರಿಸಹಿತ ಮುಗಿಸಬೇಕೆನ್ನುವವನು. ಕಿರಿಯವನು ಇರುಳಿನಲ್ಲಿಯೇ ಕೆಲಸ ಆಗಬೇಕೆನ್ನುವವನು. ಮೊಬೈಲಿನಲ್ಲಿ ಅಮೇರಿಕದವರು ಕತ್ತಲೆಯಲ್ಲಿ ತೋಳಗಳನ್ನು ಹೊಡೆದುರುಳಿಸುವುದನ್ನು ಅವನು ನೋಡಿದ್ದ. ಅವರಿಗಿರುವ ಬಂದೂಕು ನಮಗಿಲ್ಲ, ಆದರೆ ಪಂಪಿನ ಮನೆಯಲ್ಲಿ ಕರೆಂಟು ಇದೆಯಲ್ಲ ಎಂಬುದು ಅವನ ವಾದ.

“ಹಗಲೋ ರಾತ್ರಿಯೋ, ನೀವೇ ಒಂದು ಮಾತು ಹೇಳ್ರಿ ಸಾರ್,” ಎಂದರು ಕಾಕಾ.

ನಾವು ಬೇಟೆಗಾರರಲ್ಲ. ಶಿಕ್ಷಕರ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಆದರೂ ಕೇಳಿದ ಪ್ರಶ್ನೆಗೆ ಓದಿ ತಿಳಿದು ಉತ್ತರ ಕೊಡುವುದು ಮಾಸ್ತರಿಕೆಯ ಧರ್ಮವಾದುದರಿಂದ ಎರಡು ದಿನಗಳ ಅವಕಾಶ ಬೇಡಿದೆವು. ಅಲ್ಲಿಯವರೆಗೆ ತಂತಿಯನ್ನು ಮುಟ್ಟಕೂಡದೆಂದು ಮಾತು ತೆಗೆದುಕೊಂಡೆವು.

ಮೊದಲು ನಮ್ಮ ನೆಲದ ಮಾತು. ಭೀಮೆಯು ತಂಗಡಿಯ ಬಳಿ ಕೃಷ್ಣೆಯನ್ನು ಸೇರುವಲ್ಲಿಂದ ಮಕ್ತಲ್ ಮತ್ತು ನಾರಾಯಣಪೇಟೆಗಳ ಕಡೆಗೆ ಹರಡಿದ ಬಯಲು, ಇತ್ತ ಕೃಷ್ಣೆ-ತುಂಗಭದ್ರೆಗಳ ನಡುವೆ ಗದ್ವಾಲದ ನಡಿಗಡ್ಡ, ಇವೆಲ್ಲ ದಟ್ಟ ಕಾಡಿನ ನಾಡಲ್ಲ. ಕರಿಯ ಎರೆ ಹೊಲಗಳು, ನಡುವೆ ಕಲ್ಲು ಮರಡಿಗಳು, ಹಳ್ಳದ ದಂಡೆಗಳಲ್ಲಿ ಬಳ್ಳಾರಿ ಜಾಲಿಯ ಪೊದೆಗಳು. ಗದ್ವಾಲ, ಆಲಂಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವೆಂಬುದನ್ನು ಈ ಪತ್ರಿಕೆಯ ಹಿರಿಯ ಓದುಗರಿಗೆ ಹೇಳಬೇಕಾಗಿಲ್ಲ. ಗಡಿ ಗೆರೆ ಮನುಷ್ಯರಿಗೆ ಬಂತು, ತೋಳಕ್ಕೆ ಬರಲಿಲ್ಲ. ಅದು ಈ ದಂಡೆಯಲ್ಲಿ ಕನ್ನಡದ ತೋಳ, ಆ ಓಣಿಯಲ್ಲಿ ತೆಲುಗಿನ ತೋಡೇಲು.

ಅದರ ಜ್ಞಾತಿ ನರಿಯ ವಿಷಯವೂ ಹೀಗೆಯೇ. ಅದೃಷ್ಟ ಕುದುರಿದವನನ್ನು ನಾವು “ನರಿಯ ಮುಖ ನೋಡಿ ಎದ್ದಿರಬೇಕು” ಎನ್ನುತ್ತೇವೆ. ನಮ್ಮ ತೆಲುಗು ನೆರೆಯವರು “ನಕ್ಕನ ಬಾಲ ತುಳಿದು ಬಂದಿದ್ದಾನೆ” ಎನ್ನುತ್ತಾರೆ. ಮುಖವೋ ಬಾಲವೋ, ಪ್ರಾಣಿ ಒಂದೇ. ಈ ನಂಬಿಕೆಯಿಂದ ನರಿಗೆ ಒಳಿತಾದಷ್ಟೇ ಕೆಡುಕೂ ಆಗಿದೆ. ‘ನರಿಕೊಂಬು’ ಎಂಬ ಇಲ್ಲದ ವಸ್ತುವನ್ನು ಸಂತೆಗಳಲ್ಲಿ ಮಾರುವವರು ಇನ್ನೂ ಇದ್ದಾರೆ. ನರಿಗೆ ಕೊಂಬು ಇಲ್ಲವೆಂದು ಮೂರನೆಯ ತರಗತಿಯ ಮಗು ಬಲ್ಲದು. ಅದನ್ನು ಕೊಳ್ಳುವ ದೊಡ್ಡವರಿಗೆ ಯಾರು ಹೇಳಬೇಕು? ಅದಿರಲಿ.

ನಮ್ಮ ತೋಳಕ್ಕೆ ವಿಜ್ಞಾನಿಗಳು ಇಟ್ಟ ಹೆಸರೂ ಈ ದಖ್ಖನ್ನಿನ ನೆಲದಿಂದಲೇ ಹೋದದ್ದು. 1831ರಲ್ಲಿ ಸೈಕ್ಸ್ ಎಂಬ ಆಂಗ್ಲ ಸೈನ್ಯಾಧಿಕಾರಿ ದಖ್ಖನ್ನಿನ ಸಸ್ತನಿಗಳ ಪಟ್ಟಿ ಮಾಡುವಾಗ ಈ ಪ್ರಾಣಿಯನ್ನು ವರ್ಣಿಸಿ ‘ಪ್ಯಾಲಿಪೀಸ್’ ಎಂದು ಕರೆದ. ಹಿಮದ ನಾಡುಗಳ ತೋಳಕ್ಕಿಂತ ಇದು ಸಣ್ಣದು, ಬಡಕಲು, ಕಡಿಮೆ ಕೂದಲಿನದು. ತೂಕ ಸುಮಾರು ಇಪ್ಪತ್ತು ಕಿಲೋ. ನರಿ ಅದರ ಅರ್ಧದಷ್ಟು. ಇಡೀ ಭಾರತದಲ್ಲಿ ಇಂದು ಉಳಿದಿರುವ ತೋಳಗಳು ಸುಮಾರು ಮೂರು ಸಾವಿರವೆಂದು ಅಂದಾಜು. ಎಂದರೆ ಹುಲಿಗಿಂತ ಅದು ಕಡಿಮೆ ಇರಬಹುದೇ ಹೊರತು ಹೆಚ್ಚೇನೂ ಇಲ್ಲ. ಹುಲಿಗೆ ಕಾಡು ಕೊಟ್ಟಿದ್ದೇವೆ, ಹಣ ಕೊಟ್ಟಿದ್ದೇವೆ. ತೋಳ ಬದುಕುವುದು ಹುಲ್ಲುಗಾವಲಿನಲ್ಲಿ. ಆ ಹುಲ್ಲುಗಾವಲನ್ನು ನಾವು ದಫ್ತರದಲ್ಲಿ ‘ಬಂಜರು’ ಎಂದು ಬರೆದಿಟ್ಟಿದ್ದೇವೆ. ಕರ್ನಾಟಕದಲ್ಲಿ ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ತೋಳವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು; ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೊಂದು ಧಾಮ ಆಗಿದೆ. ನಮ್ಮ ಕಡೆ ಕುರಿಹಟ್ಟಿಯ ಸುತ್ತಿನ ಕತ್ತಲೆಯೇ ಅವುಗಳ ಧಾಮ.

ಇನ್ನು ಬೇಟೆಯ ಮಾತು. ಹಿಂದಿನವರ ಬೇಟೆ ಬಹುಮಟ್ಟಿಗೆ ಹಗಲಿನದು. ರಾಯಚೂರು ಸೀಮೆಯಲ್ಲಿ ಯುಗಾದಿಯ ಹೊತ್ತಿಗೆ ಊರಿಗೆ ಊರೇ ಬಲೆ, ಬಡಿಗೆ, ನಾಯಿಗಳೊಡನೆ ಮೊಲದ ಬೇಟೆಗೆ ಹೊರಡುವ ರೂಢಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಬೆಳಕಿದ್ದರೆ ಬಲೆ ಎಲ್ಲಿ ಕಟ್ಟಬೇಕು, ಯಾರು ಎಲ್ಲಿ ನಿಲ್ಲಬೇಕು, ಎದುರಿಗೆ ಬಂದದ್ದು ಏನು ಎಂಬುದು ತಿಳಿಯುತ್ತದೆ. ತೋಳದ ಬೇಟೆ ಮಾತ್ರ ಬೇರೆಯೇ ದಾರಿ ಹಿಡಿಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ತೋಳದ ತಲೆಗೆ ಇನಾಮು ಇತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ತೋಳಗಳು ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ದೊಡ್ಡ ತೋಳವನ್ನು ಹಗಲಿನಲ್ಲಿ ಓಡಿಸಿ ಹಿಡಿಯುವುದು ಸುಲಭವಲ್ಲ. ಅದು ಹೊಲದ ಬದುವಿನಲ್ಲಿ ಕರಗಿ ಹೋಗುತ್ತದೆ. ಕಣ್ಣು ತೆರೆಯದ ಮರಿಗಳು ಓಡುವುದಿಲ್ಲ. ಆದ್ದರಿಂದ ಹಗಲಿನ ಬೇಟೆಯೆಂದರೆ ಹೆಚ್ಚಾಗಿ ಗವಿಯ ಬೇಟೆ: ಹುಲ್ಲು ತುರುಕಿ ಹೊಗೆ ಹಾಕುವುದು, ಗುದ್ದಲಿಯಿಂದ ಅಗೆಯುವುದು. ಕಾಕಾ ಅವರ ಹಿರಿಯ ಮಗ ಹೇಳಿದ್ದು ಹೊಸ ಮಾತಲ್ಲ.

ಇರುಳಿನ ಬೇಟೆಯ ಮೇಲೆ ನಮ್ಮ ಕಾನೂನಿಗೆ ಮೊದಲಿನಿಂದಲೂ ಕೋಪ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಬೇಟೆ ಇನ್ನೂ ಪೂರ್ತಿ ನಿಂತಿರಲಿಲ್ಲ; ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಬಹುದಾಗಿತ್ತು. ಆದರೆ ಆ ಕಾಯಿದೆಯ 17ನೆಯ ಸೆಕ್ಷನ್ನು ಹೇಗೆ ಬೇಟೆಯಾಡಕೂಡದೆಂಬುದನ್ನು ಒಂದೊಂದಾಗಿ ಎಣಿಸಿ ಹೇಳಿತ್ತು: ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆ ಕೂಡದು, ಕೃತಕ ದೀಪ ಹಿಡಿದು ಕೂಡದು, ವಿಷವಿಟ್ಟು ಕೂಡದು, ಉರುಳು ಹಾಕಿ ಕೂಡದು, ನೀರು ಕುಡಿಯುವ ತಾಣದಲ್ಲಿ ಹೊಂಚು ಹಾಕಕೂಡದು. ತಾನು ಕೊಂದ ದನ-ಕುರಿಯ ಬಳಿಗೆ ಮರಳಿ ಬರುವ ಹಿಂಸ್ರ ಪ್ರಾಣಿಗೆ ಮಾತ್ರ, ಅದೂ ವಿಶೇಷ ಅಪ್ಪಣೆ ಇದ್ದರೆ, ರಾತ್ರಿ ಮತ್ತು ದೀಪದ ವಿನಾಯಿತಿ ಇತ್ತು. 1991ರ ತಿದ್ದುಪಡಿಯಲ್ಲಿ ಪರವಾನಗಿಯ ಬೇಟೆಯೇ ನಿಂತಿತು. ಅದರೊಡನೆ ಹಗಲು-ರಾತ್ರಿಯ ಈ ಭೇದವೂ ಕಾಯಿದೆಯ ಪುಟದಿಂದ ಅಳಿಸಿತು. ತೋಳವು ಮೊದಲನೆಯ ಅನುಸೂಚಿಯ ಪ್ರಾಣಿ. 2022ರ ತಿದ್ದುಪಡಿಯ ಮೇಲೆ ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಮೈಮೇಲೆ ಬಿದ್ದ ಪ್ರಾಣಿಯನ್ನು ಪ್ರಾಣರಕ್ಷಣೆಗಾಗಿ ಕೊಂದರೆ ಅಪರಾಧವಿಲ್ಲ. ಆದರೆ ಗವಿ ಅಗೆಯುವುದೂ ತಂತಿ ಎಳೆಯುವುದೂ ಪ್ರಾಣರಕ್ಷಣೆಯೆಂದು ಯಾವ ನ್ಯಾಯಾಲಯವೂ ಒಪ್ಪಲಾರದು.

ಕಿರಿಯ ಮಗ ಮೊಬೈಲಿನಲ್ಲಿ ಕಂಡದ್ದನ್ನು ನಾವೂ ತರಿಸಿ ನೋಡಿದೆವು. ಅದು ತೋಳವಲ್ಲ, ಕಯೋಟಿ ಎಂಬ ಉತ್ತರ ಅಮೇರಿಕದ ಪ್ರಾಣಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಅಲ್ಲಿ ಹಲವು ರಾಜ್ಯಗಳಲ್ಲಿ ಅದನ್ನು ಹಗಲಿನಲ್ಲಿಯೂ ಕೊಲ್ಲುತ್ತಾರೆ, ಮೈಯ ಬಿಸಿಯನ್ನೇ ಚಿತ್ರವಾಗಿ ತೋರಿಸುವ ದುರ್ಬೀನು ಕಟ್ಟಿದ ಬಂದೂಕಿನಿಂದ ರಾತ್ರಿಯಲ್ಲಿಯೂ ಕೊಲ್ಲುತ್ತಾರೆ. ಸರಕಾರದ ಇಲಾಖೆಯೇ ವರ್ಷಕ್ಕೆ ಹತ್ತಾರು ಸಾವಿರ ಕೊಲ್ಲುತ್ತದೆ. ಇಷ್ಟೆಲ್ಲ ನೂರು ವರ್ಷಗಳಿಗೂ ಮೀರಿ ನಡೆದ ಮೇಲೆ ಆದದ್ದೇನು? ಒಂದು ಕಾಲಕ್ಕೆ ಪಶ್ಚಿಮದ ಬಯಲುಗಳಲ್ಲಿದ್ದ ಕಯೋಟಿ ಇಂದು ಅಲಾಸ್ಕದಿಂದ ಮಧ್ಯ ಅಮೇರಿಕದವರೆಗೆ ಹಬ್ಬಿದೆ. ಷಿಕಾಗೋ, ನ್ಯೂಯಾರ್ಕ್ ನಗರಗಳ ಉದ್ಯಾನಗಳಲ್ಲಿಯೂ ಇದೆ. ಅಲ್ಲಿ ದೊಡ್ಡ ತೋಳಗಳನ್ನು ಮೊದಲೇ ಅಳಿಸಿದ್ದರು. ಅವುಗಳ ಜಾಗಕ್ಕೆ ಇದು ಬಂದಿತು. ನಮ್ಮ ತೋಳಕ್ಕೆ ಅಂಥ ಶಕ್ತಿಯಿಲ್ಲ, ಅದು ಕೊಂದರೆ ಮುಗಿದೇ ಹೋಗುತ್ತದೆ. ಆ ಚಿತ್ರವನ್ನು ನೋಡಿ ಇಲ್ಲಿಯ ಲೆಕ್ಕ ಹಾಕುವುದು ಒಬ್ಬರ ಜ್ವರಕ್ಕೆ ಇನ್ನೊಬ್ಬರ ಔಷಧ ಕುಡಿದಂತೆ.

ತೋಳ ಇರುಳಿನಲ್ಲಿಯೇ ಬರುವುದೇಕೆ ಎಂಬ ಹುಡುಗನ ಮಾತಿಗೂ ಒಂದು ಉತ್ತರ ದೊರೆಯಿತು. 2018ರಲ್ಲಿ ‘ಸೈನ್ಸ್’ ಎಂಬ ಪತ್ರಿಕೆಯಲ್ಲಿ ಕೇಟ್ಲಿನ್ ಗೇನರ್ ಎಂಬ ವಿದುಷಿಯೂ ಅವರ ಸಂಗಡಿಗರೂ ಆರು ಖಂಡಗಳ 76 ಅಧ್ಯಯನಗಳನ್ನು ಒಟ್ಟುಗೂಡಿಸಿ, 62 ಜಾತಿಯ ಪ್ರಾಣಿಗಳ ದಿನಚರಿಯನ್ನು ತೂಗಿ ನೋಡಿದರು. ಮನುಷ್ಯರ ಓಡಾಟ ಹೆಚ್ಚಿದಲ್ಲೆಲ್ಲ ಪ್ರಾಣಿಗಳು ಹಗಲನ್ನು ಬಿಟ್ಟು ರಾತ್ರಿಗೆ ಸರಿದಿವೆ. ಹಗಲು ಅರ್ಧ, ರಾತ್ರಿ ಅರ್ಧ ಎಂದು ತಿರುಗುತ್ತಿದ್ದ ಪ್ರಾಣಿ ನಮ್ಮ ನೆರೆಯಲ್ಲಿ ನೂರಕ್ಕೆ 68 ಪಾಲು ರಾತ್ರಿಯದಾಗುತ್ತದೆ. ಹಳೆಯ ಕಥೆಯ ತೋಳ ಹಗಲಿನಲ್ಲಿ ಬಂದುದಕ್ಕೆ ಇದೇ ಕಾರಣವಿರಬಹುದೆಂದು ನಾವು ತರ್ಕಿಸಿದರೆ ವಿದ್ವಾಂಸರು ನಗಬಹುದು. ಆದರೆ ತಲೆಮಾರುಗಳಿಂದ ಹಗಲಿನಲ್ಲಿ ಅಟ್ಟಿದವರೇ ನಾವು. ಈಗ ರಾತ್ರಿ ಬರುತ್ತದೆಂದು ದೂರುವವರೂ ನಾವೇ.

ಇರುಳಿನ ಬೇಟೆಯ ನಿಜವಾದ ಕಷ್ಟ ಕಣ್ಣಿನದು. ತೋಳ, ನರಿ, ನಾಯಿ, ಬೆಕ್ಕು, ಕುರಿ, ದನ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ, ನಮಗೆ ಅದಿಲ್ಲ. ಆದ್ದರಿಂದ ಅವು ನಕ್ಷತ್ರದ ಬೆಳಕಿನಲ್ಲಿ ಕಾಣಬಲ್ಲವು, ನಾವು ಎಡವುತ್ತೇವೆ. ಬ್ಯಾಟರಿ ಬಿಟ್ಟರೆ ಕಾಣುವುದು ಎರಡು ಹೊಳೆಯುವ ಚುಕ್ಕೆಗಳು. ಅದು ತೋಳವೋ, ಪಕ್ಕದ ಹಟ್ಟಿಯ ನಾಯಿಯೋ, ಹಗ್ಗ ಹರಿದು ಬಂದ ಆಕಳ ಕರುವೋ ಎಂದು ಚುಕ್ಕೆ ಹೇಳುವುದಿಲ್ಲ. ಬ್ಯಾಟರಿ ಹಿಡಿದವನಿಗೆ ಇಷ್ಟಾದರೂ ಕಾಣುತ್ತದೆ. ತಂತಿಗೆ ಅದೂ ಇಲ್ಲ.

ಈ ತಂತಿಯ ವಿಷಯದಲ್ಲಿ ನಮಗೆ ಒಂದು ನೆನಪಿದೆ; ಬರೆಯಬೇಕೋ ಬೇಡವೋ ಎಂದು ತಡೆದು ಬರೆಯುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನಾವು ಬೇರೊಂದು ಊರಿನ ಶಾಲೆಯಲ್ಲಿದ್ದಾಗ ಏಳನೆಯ ತರಗತಿಯಲ್ಲಿ ಲೆಕ್ಕದಲ್ಲಿ ಜಾಣನಾದ ಒಬ್ಬ ಹುಡುಗನಿದ್ದ. ಅವನ ತಂದೆ ನಸುಕಿನಲ್ಲಿ ನೀರು ತಿರುಗಿಸಲೆಂದು ಹೊಲಕ್ಕೆ ಹೋದವರು ಮರಳಲಿಲ್ಲ. ಹಂದಿ ಬರುತ್ತವೆಂದು ಪಕ್ಕದ ಹೊಲದವರು, ದಾಯಾದಿಗಳೇ, ರಾತ್ರಿ ಎಳೆದಿಟ್ಟ ತಂತಿ ಬದುವಿನ ಮೇಲೆ ಇತ್ತು. ಎಳೆದವರಿಗೂ ಕೊಲ್ಲುವ ಮನಸ್ಸಿರಲಿಲ್ಲ. ಹುಡುಗ ಹದಿನೈದು ದಿನಗಳ ಮೇಲೆ ಶಾಲೆಗೆ ಬಂದ, ಒಂದು ವಾರ ಕುಳಿತ, ಆಮೇಲೆ ತಾಯಿಯೊಡನೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ವರ್ಷದ ಕೊನೆಯವರೆಗೆ ನಾವು ಹೊಡೆದು ಹಾಕಲಿಲ್ಲ. ಹೊಡೆದು ಹಾಕಿದ ದಿನ ಕೆಂಪು ಮಸಿ ಒಣಗುವವರೆಗೆ ಪುಸ್ತಕ ಮುಚ್ಚಲಾಗಲಿಲ್ಲ.

ಕಾಕಾ ಅವರ ಕಿರಿಯ ಮಗನಿಗೆ ಕಾಯಿದೆಯ ಮಾತು ಹೇಳಲಿಲ್ಲ, ಇದನ್ನು ಹೇಳಿದೆವು. ಅವನು ಆ ಹುಡುಗನ ಊರಿನ ಹೆಸರು ಕೇಳಿದ. ಅಲ್ಲಿಯೇ ಅವನ ಹೆಂಡತಿಯ ತವರು. ವಿಷಯ ಅವನಿಗೆ ಗೊತ್ತಿತ್ತು. ಯಾರ ತಂತಿಯೆಂಬುದೂ ಗೊತ್ತಿತ್ತು. ಅಂದಿನಿಂದ ಅವನು ತಂತಿಯ ಮಾತು ಎತ್ತಲಿಲ್ಲ.

ಉಳಿದದ್ದು ಹಿರಿಯ ಮಗನ ಹಗಲಿನ ಪಕ್ಷ. ಅವನಷ್ಟಕ್ಕೆ ಅವನು ಬಗ್ಗುವವನಲ್ಲ. ಹಳ್ಳದ ಮೇಲಿನ ಮರಡಿಯಲ್ಲಿ ಗವಿ ಕಂಡಿದ್ದೇನೆ, ಭಾನುವಾರ ಹೋಗುತ್ತೇನೆ ಎಂದ. ಹೋಗುವುದಾದರೆ ಗುದ್ದಲಿ ಬಿಟ್ಟು ಬಾ, ನಾವೂ ಬರುತ್ತೇವೆ, ಮೊದಲು ನೋಡೋಣ ಎಂದೆವು. ಕಾಕಾ ಕೋಲೂರಿಕೊಂಡು ಜೊತೆಗೆ ಬಂದರು. ನಮ್ಮ ಮೊಣಕಾಲಿನ ಸ್ಥಿತಿಯಲ್ಲಿ ಆ ಮರಡಿ ಹತ್ತಿದ್ದು ಸಣ್ಣ ಸಾಹಸವಲ್ಲ.

ಗವಿ ಬರಿದಾಗಿತ್ತು. ಎರಡು ದಿನ ಮೊದಲು ಹಿರಿಯ ಮಗ ಅಲ್ಲಿ ಸುಳಿದಾಡಿದ್ದನಲ್ಲ, ಆ ವಾಸನೆಯೇ ಸಾಕಾಗಿರಬೇಕು. ಮನುಷ್ಯರ ಸುಳಿವು ಸಿಕ್ಕರೆ ತಾಯಿ ತೋಳ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಹಿಂಸ್ರ ಪ್ರಾಣಿಯ ಮನೆಯೆಂದು ಎದೆ ಗಟ್ಟಿ ಮಾಡಿಕೊಂಡು ಹೋದವರಿಗೆ ಕಂಡದ್ದು ಮರಿಗಳು ಆಟಕ್ಕೆ ಕಚ್ಚಿ ಹರಿದ ಒಂದು ರಬ್ಬರಿನ ಚಪ್ಪಲಿ. ಸುತ್ತ ಎಲುಬುಗಳಿದ್ದವು. ಕಾಕಾ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದನ್ನೇ ಎತ್ತಿ ನೋಡತೊಡಗಿದರು. ಎಪ್ಪತ್ತು ವರ್ಷ ಕುರಿಯೊಡನೆ ಬದುಕಿದವರ ಕೈ ಅದು. ಕೃಷ್ಣಮೃಗದ ಗೊರಸುಗಳು, ಎಳೆಯ ಗಂಡಿನ ಒಂದು ಕೊಂಬು, ಮೊಲದ ಕಾಲುಗಳು, ಇಲಿಯ ಕೂದಲು ತುಂಬಿದ ಹಿಕ್ಕೆ. ಕುರಿಯ ಉಣ್ಣೆಯೂ ಇತ್ತು, ಆದರೆ ಹಿರಿಯ ಮಗ ಎಣಿಸಿದ್ದಷ್ಟು ಇರಲಿಲ್ಲ.

ಕೃಷ್ಣಮೃಗದ ಮಾತು ಬಂದುದರಿಂದ ಒಂದು ಸಂಗತಿ ಹೇಳಲೇಬೇಕು. ನಮ್ಮ ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳ ರೈತರು ಈ ಜಿಂಕೆಗಳ ಹಿಂಡು ಹತ್ತಿ, ತೊಗರಿಯ ಮೊಳಕೆಗಳನ್ನು ಮೇಯ್ದು ಹೋಗುತ್ತವೆಂದು ವರ್ಷಗಳಿಂದ ಗೋಳಿಡುತ್ತಿದ್ದಾರೆ. ಅವನ್ನು ಹಿಡಿದು ಸಾಗಿಸಬೇಕೆಂಬ ಬೇಡಿಕೆ ಕಚೇರಿಗಳಲ್ಲಿ ಓಡಾಡುತ್ತಿದೆ. ಆ ಜಿಂಕೆಯನ್ನು ಸಂಬಳವಿಲ್ಲದೆ ಕಡಿಮೆ ಮಾಡುವ ಪ್ರಾಣಿ ಈ ಬಯಲಿನಲ್ಲಿ ಒಂದೇ. ನರಿಯೂ ಹೊಲದ ಇಲಿ-ಹೆಗ್ಗಣಗಳ ಲೆಕ್ಕ ನೋಡಿಕೊಳ್ಳುತ್ತದೆ. ಕಲ್ಲಂಗಡಿಯನ್ನೂ ಶೇಂಗಾವನ್ನೂ ತಿನ್ನುತ್ತದೆಂಬುದು ನಿಜವೇ. ರೈತನ ಮಿತ್ರ ಕುರಿಗಾರನ ಶತ್ರುವಾದಾಗ ಒಂದೇ ಊರಿನಲ್ಲಿ ತೋಳಕ್ಕೆ ಎರಡು ನ್ಯಾಯ. ನಷ್ಟವೆಲ್ಲ ಕುರಿಗಾರನ ಪಾಲಿಗೆ, ಲಾಭ ಹತ್ತಿಯ ಹೊಲದವನ ಪಾಲಿಗೆ ಹೋದರೆ ಕಾಕಾ ಸಿಟ್ಟಾಗುವುದರಲ್ಲಿ ತಪ್ಪೇನು?

ಮರಡಿಯಿಂದ ಇಳಿಯುವಾಗ ಕಾಕಾ ಒಂದು ಮಾತನ್ನೂ ಆಡಲಿಲ್ಲ. ಹಟ್ಟಿಗೆ ಬಂದು, ಹೋದ ಏಳು ಕುರಿಗಳ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಈ ಸಲ ನಮಗಲ್ಲ, ಮಗನಿಗೆ. ತೋಳ ಕುರಿಯನ್ನು ಕುತ್ತಿಗೆಗೆ ಹಿಡಿಯುತ್ತದೆ, ಒಂದನ್ನು ಹಿಡಿದು ಕತ್ತಲೆಗೆ ಎಳೆದೊಯ್ಯುತ್ತದೆ. ಸಾಕಿದವರಿಲ್ಲದ ನಾಯಿಗಳು ಹಿಂದಿನಿಂದ ತೊಡೆ, ಕೆಚ್ಚಲು, ಬಾಲಗಳಿಗೆ ಬಾಯಿ ಹಾಕುತ್ತವೆ. ನಾಲ್ಕಾರನ್ನು ಹರಿದು ಹಾಕಿ ತಿನ್ನದೆ ಬಿಟ್ಟು ಹೋಗುತ್ತವೆ. ಏಳರಲ್ಲಿ ಮೂರು ಕುರಿಗಳು ಕಾಣದಾಗಿದ್ದವು, ಎಳೆದ ಗುರುತು ಹಳ್ಳದ ಕಡೆಗಿತ್ತು. ಉಳಿದ ನಾಲ್ಕು ಒಂದೇ ಬೆಳಗಿನಲ್ಲಿ ತೊಡೆ ಹರಿದು ಬಿದ್ದಿದ್ದವು, ಅದೂ ಬೆಳಕಾದ ಮೇಲೆ. ಹೆದ್ದಾರಿಯ ಮಗ್ಗುಲಿಗೆ ಕೋಳಿಯ ತ್ಯಾಜ್ಯ ಸುರಿಯಲು ತೊಡಗಿದಂದಿನಿಂದ ಅಲ್ಲಿ ಹದಿನೈದು ಇಪ್ಪತ್ತು ನಾಯಿಗಳು ಕೊಬ್ಬಿ ಬೆಳೆದಿರುವುದು ಊರಿಗೆಲ್ಲ ಗೊತ್ತು. ರಾತ್ರಿಯ ಕಳ್ಳನ ತಲೆಗೆ ಹಗಲಿನ ಕಳ್ಳರ ಕೆಲಸವನ್ನೂ ಕಟ್ಟಿದ್ದೆವು.

ಇಲ್ಲಿ ಮನೆಮಂದಿಗೆಲ್ಲ ಬೇಕಾದ ಒಂದು ಎಚ್ಚರಿಕೆಯನ್ನು ಹೇಳಿ ಮುಂದೆ ಹೋಗುತ್ತೇವೆ. ತೋಳವಾಗಲಿ ನರಿಯಾಗಲಿ ನಡುಹಗಲಿನಲ್ಲಿ ಹೆದರಿಕೆಯಿಲ್ಲದೆ ಊರೊಳಗೆ ನಡೆದು ಬಂದು, ಕಂಡವರ ಮೇಲೆ ಬೀಳುತ್ತಿದ್ದರೆ ಅದಕ್ಕೆ ಹುಚ್ಚು ಹಿಡಿದಿರಬಹುದು. ಬಡಿಯಲು ಗುಂಪುಗೂಡಿ ಓಡಬಾರದು. ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಬೇಕು, ಅರಣ್ಯದವರಿಗೆ ತಿಳಿಸಬೇಕು. ಕಚ್ಚಿದರೆ, ಪರಚಿದರೂ ಸರಿಯೆ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ಅರಿಸಿನ, ಮೆಣಸಿನ ಪುಡಿ, ಮಂತ್ರದ ದಾರ ಯಾವುದೂ ಈ ರೋಗಕ್ಕೆ ಮದ್ದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ತಿಳಿಯಬೇಕು. ಇನ್ನು ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ 2024ರ ಮಳೆಗಾಲದಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದ ಸುದ್ದಿಯನ್ನು ತಾಯಂದಿರು ಕೇಳಿ ಹೆದರಿದ್ದಾರೆ. ಅದು ನಿಜವಾಗಿಯೂ ನಡೆದ ದುರಂತ. ಅಲ್ಲ ಎನ್ನುವಂತಿಲ್ಲ. ಬಿಸಿ ಕಾಣುವ ಕ್ಯಾಮರಾಗಳನ್ನು ಆಕಾಶದಲ್ಲಿ ಹಾರಿಸಿ ರಾತ್ರಿ ಹಗಲು ಹುಡುಕಿ ಐದು ತೋಳಗಳನ್ನು ಹಿಡಿಯಲಾಯಿತು; ಆರನೆಯದನ್ನು ಅಕ್ಟೋಬರಿನಲ್ಲಿ ಹಳ್ಳಿಗರೇ ಕೊಂದರು. ಅಲ್ಲಿಯ ಅನೇಕ ಮನೆಗಳಿಗೆ ಬಾಗಿಲೇ ಇರಲಿಲ್ಲವೆಂಬುದನ್ನೂ, ಆಮೇಲೆ ಬಾಗಿಲು ಹಾಕಿಸುವ ಕೆಲಸ ನಡೆಯಿತೆಂಬುದನ್ನೂ ಸುದ್ದಿಯ ಜೊತೆಗೆ ಓದಬೇಕು. ಬೇಸಗೆಯಲ್ಲಿ ಹೊಲದ ಗುಡಿಸಲ ಮುಂದೆ ಮಲಗುವವರು ಮಕ್ಕಳನ್ನು ಅಂಚಿಗೆ ಮಲಗಿಸಬೇಡಿ, ನಡುವೆ ಮಲಗಿಸಿಕೊಳ್ಳಿ.

ಕಾಕಾ ಅವರ ಹಟ್ಟಿಗೆ ಮರಳೋಣ. ಬೇಟೆ ಹಗಲಿಗೂ ಇಲ್ಲ, ಇರುಳಿಗೂ ಇಲ್ಲ ಎಂದು ನಾವು ತೀರ್ಪು ಕೊಡಬೇಕಾಗಲಿಲ್ಲ. ಅದು ಮರಡಿಯ ಮೇಲೆಯೇ ತೀರಿತ್ತು. ಹಗಲಿನ ಕೆಲಸ ಬೇರೆ ಇತ್ತು. ಹಟ್ಟಿಯನ್ನು ಹಳ್ಳದ ಪೊದೆಗಳಿಂದ ದೂರ, ಬಯಲಿನ ನಡುವೆ ಸರಿಸಿದರು. ಸಡಿಲವಾಗಿದ್ದ ಬಲೆಯನ್ನು ಬಿಗಿ ಮಾಡಿ, ಕೆಳಗಿನ ಅಂಚಿಗೆ ಕಲ್ಲು ಹೇರಿ, ಆಳೆತ್ತರಕ್ಕೆ ಕಟ್ಟಿದರು. ಎಳೆಯ ಮರಿಗಳನ್ನು ಬುಟ್ಟಿಯ ಕೆಳಗೆ ಇಡುವ ಹಳೆಯ ರೂಢಿಯನ್ನು ಬಿಟ್ಟಿದ್ದರು, ಮತ್ತೆ ಹಿಡಿದರು. ಇರುಳಿನ ಕೆಲಸ ನಾಯಿಗಳದು. ಮೂರು ನಾಯಿಗಳಿದ್ದ ಹಟ್ಟಿಯಲ್ಲಿ ಒಂದೇ ಉಳಿದಿತ್ತು. ಕಿರಿಯ ಮಗ ನಾರಾಯಣಪೇಟೆಯ ಕಡೆಯಿಂದ ಎರಡು ಮರಿಗಳನ್ನು ತಂದು, ಕುರಿಗಳ ನಡುವೆಯೇ ಬೆಳೆಸುತ್ತಿದ್ದಾನೆ. ಕುತ್ತಿಗೆಗೆ ಮೊಳೆಯ ಪಟ್ಟಿ ಮಾಡಿಸಿದ್ದೂ ಅವನೇ. ಅಮೇರಿಕದ ಚಿತ್ರಗಳನ್ನು ಈಗಲೂ ನೋಡುತ್ತಾನಂತೆ, ನೋಡಲಿ.

ಅರ್ಜಿಯೊಂದು ಬಾಕಿ ಉಳಿದಿತ್ತು. ಪರಿಹಾರ ಸಿಗುವುದು ಕಾಡುಪ್ರಾಣಿ ಕೊಂದದ್ದಕ್ಕೆ. ಬೀದಿ ನಾಯಿ ಕೊಂದದ್ದಕ್ಕಲ್ಲ. ಏಳೂ ತೋಳದ್ದೇ ಎಂದು ಬರೆಯಿರಿ, ಯಾರು ನೋಡಿದ್ದಾರೆ ಎಂದ ಹಿರಿಯ ಮಗ. ಬಡವನ ನಾಲ್ಕು ಕುರಿಗಳ ಬೆಲೆ ನಮಗೆ ತಿಳಿಯದ್ದಲ್ಲ. ಲೇಖನಿಯನ್ನು ಹಿಡಿದು ಬಹಳ ಹೊತ್ತು ಕುಳಿತೆವು. ಆದರೆ ಅರ್ಜಿಗಳಲ್ಲಿ ತೋಳದ ಲೆಕ್ಕ ಬೆಳೆದಷ್ಟೂ ನಾಳೆ ಗುದ್ದಲಿ ಹಿಡಿಯುವ ಕೈಗಳು ಬೆಳೆಯುತ್ತವೆ, ಕೋಳಿಯ ತ್ಯಾಜ್ಯ ಸುರಿಯುವವರನ್ನು ಕೇಳುವವರೇ ಇರುವುದಿಲ್ಲ. ಕಾಕಾ ಅವರ ಮುಖ ನೋಡಿದೆವು. “ಮೂರೇ ಬರೀರಿ,” ಎಂದರು. ಮೂರು ಎಂದು ಬರೆದು, ಪಶುವೈದ್ಯರ ಚೀಟಿ ಲಗತ್ತಿಸಿ ಕಳುಹಿಸಿದೆವು. ನಾಯಿಗಳ ಮತ್ತು ತ್ಯಾಜ್ಯದ ವಿಷಯದಲ್ಲಿ ಪಂಚಾಯತಿಗೆ ಬೇರೊಂದು ಮನವಿ ಹೋಯಿತು, ಅದಕ್ಕೆ ಊರಿನ ಮೂವತ್ತು ಸಹಿಗಳು.

ಹಣ ಇನ್ನೂ ಬಂದಿಲ್ಲ. ಸ್ವೀಕೃತಿಯ ಚೀಟಿ ನಮ್ಮ ಮೇಜಿನ ಸೆಳೆಯಲ್ಲಿದೆ. ಹಿರಿಯ ಮಗ ದಾರಿಯಲ್ಲಿ ಕಂಡರೆ ಈಗಲೂ ಮುಖ ತಿರುಗಿಸುತ್ತಾನೆ. ಭತ್ತದ ಕೊಯ್ಲು ಮುಗಿದ ಮೇಲೆ ಹಿಂಡು ಜುರಾಲ ಅಣೆಕಟ್ಟಿನ ಕೆಳಗೆ ಗದ್ವಾಲದ ಕಡೆ ಮೇಯಲು ಹೋಯಿತು. ಮೂರನೆಯ ತರಗತಿಯ ನಮ್ಮ ಹುಡುಗನೂ ಹೋಗುವುದಾಗಿ ಹಟ ಹಿಡಿದಿದ್ದ, ಪರೀಕ್ಷೆ ಮುಗಿಯುವವರೆಗೆ ಬಿಡುವುದಿಲ್ಲವೆಂದು ನಿಲ್ಲಿಸಿಕೊಂಡಿದ್ದೆವು. ಹೊರಡುವ ಮುನ್ನ ಬಂದು ಕೇಳಿದ: “ಸಾರ್, ಗದ್ವಾಲದಾಗ ತ್ವಾಳ ಅದಾವೇನ್ರಿ?” ಇರಬಹುದು, ನೋಡಿಕೊಂಡು ಬಂದು ನೀನೇ ಹೇಳು ಎಂದು ಕಳುಹಿಸಿದ್ದೇವೆ.